ಬಿಚ್ಚುವ ಮೊದಲು ಚಕ್ರ ತಿರುಗಿಸಿ
(ಪುಣೆಯಲ್ಲಿ ಬ್ಯಾಟರಿ ಗಾಡಿ ರಿಪೇರಿ ಮಾಡುವ ಕನ್ನಡಿಗರಿಗಾಗಿ ನೀಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ಭೋಸರಿಯಿಂದ ಹಡಪ್ಸರದವರೆಗೆ ಎಲ್ಲಿ ಬ್ಯಾಟರಿ ಸ್ಕೂಟರ್ ನಿಂತರೂ ಗಿರಾಕಿ ಹೇಳುವುದು ಒಂದೇ: ‘ಮೋಟರ್ ಜಳಾಲಿ’, ಅಂದರೆ ಮೋಟರ್ ಸುಟ್ಟಿತು. ನಾವೂ ಹೂಂ ಅಂತ ಸ್ಪ್ಯಾನರ್ ಎತ್ತಿಕೊಳ್ಳುತ್ತೇವೆ. ಆದರೆ ಹಬ್ ಮೋಟರ್, ಅಂದರೆ ಚಕ್ರದೊಳಗೇ ಕೂತ ಮೋಟರ್, ಬಿಚ್ಚುವುದು ಕೊನೆಯ ಕೆಲಸ. ಒಳಗಿನ ಮ್ಯಾಗ್ನೆಟ್ ಸ್ಟೇಟರನ್ನು (ತಂತಿ ಸುತ್ತಿದ, ತಿರುಗದ ಭಾಗ) ಬಲವಾಗಿ ಹಿಡಿದಿರುತ್ತದೆ. ಪುಲ್ಲರ್ ಇಲ್ಲದೆ ಎಳೆದರೆ ಬೆರಳು ಜಜ್ಜುತ್ತದೆ, ತಂತಿಯ ವಾರ್ನಿಷ್ ಕೆರೆದು ಒಳ್ಳೆಯ ಮೋಟರೂ ಕೆಡುತ್ತದೆ.

ಮೊದಲು ಬ್ಯಾಟರಿಯ ಎಂಸಿಬಿ ಸ್ವಿಚ್ ಇಳಿಸಿ, ಬ್ಯಾಟರಿ ಕನೆಕ್ಟರ್ ತೆಗೆದು ಐದು ನಿಮಿಷ ಬಿಡಿ. ಕಂಟ್ರೋಲರಿನ (ಬ್ಯಾಟರಿಯ ಕರೆಂಟನ್ನು ಮೋಟರಿಗೆ ಹದವಾಗಿ ಕೊಡುವ ಪೆಟ್ಟಿಗೆ) ಕೆಪ್ಯಾಸಿಟರ್ ಖಾಲಿಯಾಗಿದೆಯೇ ಎಂದು ಮೀಟರ್ ಹಿಡಿದೇ ನೋಡಿ. 72 ವೋಲ್ಟಿನ ಲಿಥಿಯಂ ಪ್ಯಾಕ್ ತುಂಬಿದಾಗ 84ರವರೆಗೂ ಇರಬಹುದು. 60 ವೋಲ್ಟ್ ಡಿಸಿ ದಾಟಿತೆಂದರೆ ಕೈಗೆ ಗ್ಲೌಸ್ ಬೇಕೇ ಬೇಕು.

ಈಗ ಸ್ಟ್ಯಾಂಡ್ ಹಾಕಿ ಹಿಂದಿನ ಚಕ್ರ ತಿರುಗಿಸಿ. ಅಲ್ಪಸ್ವಲ್ಪ ತಡೆ ಸಹಜ. ಬ್ರೇಕ್ ಶೂ ಹಿಡಿಯದಿದ್ದರೂ ಚಕ್ರ ಕಟಕಟ ಎಂದು ಭಾರವಾಗಿ ತಿರುಗಿದರೆ ಎಲ್ಲೋ ಶಾರ್ಟ್ ಇದೆ. ತಿರುಗುವ ಮೋಟರ್ ಜನರೇಟರ್ ತಾನೇ. ಹುಟ್ಟಿದ ಕರೆಂಟಿಗೆ ಶಾರ್ಟ್ ದಾರಿ ಸಿಕ್ಕರೆ ಅದೇ ಬ್ರೇಕ್ ಆಗುತ್ತದೆ. ಕಂಟ್ರೋಲರಿನಿಂದ ಮೋಟರಿಗೆ ಹೋಗುವ ಮೂರು ದಪ್ಪ ವೈರ್ (ಫೇಸ್ ವೈರ್) ಬಿಚ್ಚಿ, ತುದಿಗಳು ಒಂದಕ್ಕೊಂದು ತಾಗದಂತೆ ಇಟ್ಟು ಮತ್ತೆ ತಿರುಗಿಸಿ. ಹಗುರಾಯಿತೇ? ಕಂಟ್ರೋಲರಿನ ಮಾಸ್‌ಫೆಟ್ (ಕರೆಂಟ್ ಆನ್-ಆಫ್ ಮಾಡುವ ಬಿಡಿಭಾಗ) ಹೋಗಿದೆ, ಮೋಟರ್ ಮುಟ್ಟಬೇಡಿ. ಭಾರ ಹಾಗೇ ಇದ್ದರೆ ಶಾರ್ಟ್ ಕೇಬಲ್ಲಿನಲ್ಲಿ ಅಥವಾ ವೈಂಡಿಂಗಿನಲ್ಲಿ, ಅಂದರೆ ಒಳಗಿನ ತಂತಿ ಸುತ್ತಿನಲ್ಲಿ.

ಅಲ್ಲಿಗೇ ಬಿಡಬೇಡಿ. ಹಗುರಾದ ಮೋಟರಿನ ಎರಡೆರಡು ವೈರ್ ಬೇಕೆಂದೇ ಸೇರಿಸಿ ತಿರುಗಿಸಿ: ಹಳದಿ–ಹಸಿರು, ಹಸಿರು–ನೀಲಿ, ನೀಲಿ–ಹಳದಿ. ಮೂರು ಸಲವೂ ಒಂದೇ ಸಮ ಭಾರವಾಗಬೇಕು. ಎರಡು ಜೋಡಿಯಲ್ಲಿ ಹಗುರಾಗಿಯೇ ಉಳಿದರೆ ಆ ಎರಡರಲ್ಲೂ ಇರುವ ವೈರ್ ಎಲ್ಲೋ ಕಡಿದಿದೆ. ಒಂದು ರೂಪಾಯಿ ಖರ್ಚಿಲ್ಲದ ಪರೀಕ್ಷೆ ಇದು. ದುಬಾರಿ ಟೆಸ್ಟರ್ ಇಟ್ಟುಕೊಂಡವರೇ ಇದನ್ನು ಮರೆಯುವುದು ಹೆಚ್ಚು.

ಮುಂದೆ ಹಾಲ್ ಸೆನ್ಸರ್, ಅಂದರೆ ತಿರುಗುವ ಮ್ಯಾಗ್ನೆಟ್ ಎಲ್ಲಿದೆ ಎಂದು ಕಂಟ್ರೋಲರಿಗೆ ತಿಳಿಸುವ ಸೆನ್ಸರ್. ಸಾಮಾನ್ಯವಾಗಿ ಐದು ಸಣ್ಣ ವೈರ್: ಕೆಂಪು, ಕಪ್ಪು, ಜೊತೆಗೆ ಮೂರು ಸಿಗ್ನಲ್. ದಪ್ಪ ವೈರಿನ ತುದಿಗಳಿಗೆ ಟೇಪ್ ಸುತ್ತಿ, ಹಾಲ್ ಕನೆಕ್ಟರ್ ಹಾಕಿದಂತೆಯೇ ಬ್ಯಾಟರಿ ಕೊಟ್ಟು ಕೀ ಆನ್ ಮಾಡಿ. ಕೆಂಪು–ಕಪ್ಪು ನಡುವೆ ಸುಮಾರು 5 ವೋಲ್ಟ್ ಬರಬೇಕು. ಕಡಿಮೆಯಿದ್ದು, ಕನೆಕ್ಟರ್ ಕಿತ್ತೊಡನೆ ಕಂಟ್ರೋಲರ್ ಕಡೆ ಏರಿದರೆ ದೋಷ ಮೋಟರ್ ಕಡೆಯದು. ಆಮೇಲೆ ಕನೆಕ್ಟರಿನ ಹಿಂಬದಿಯಿಂದ ಪ್ರೋಬ್ ತೂರಿಸಿ, ಒಂದೊಂದೇ ಸಿಗ್ನಲ್ ನೋಡುತ್ತ ಚಕ್ರವನ್ನು ನಿಧಾನ ತಿರುಗಿಸಿ. 0ಯಿಂದ 5ರ ಹತ್ತಿರಕ್ಕೆ ಹಾರಿ ಮತ್ತೆ ಇಳಿಯುತ್ತಿರಬೇಕು. ಸಿಗ್ನಲ್‌ಗಳು 120 ಡಿಗ್ರಿ ಅಂತರದಲ್ಲಿ ಬರುವ ಜೋಡಣೆಯ ಮೋಟರಿನಲ್ಲಿ ಮೂರೂ ಒಟ್ಟಿಗೆ ಮೇಲೆ ಅಥವಾ ಒಟ್ಟಿಗೆ ಕೆಳಗೆ ಎಂದೂ ಇರುವುದಿಲ್ಲ. ಒಂದು ಸಿಗ್ನಲ್ ಅಲ್ಲಾಡದೆ ನಿಂತರೆ ಗಾಡಿ ಹೊರಡುವಾಗ ನಡುಗುತ್ತದೆ, ಕಾಲಲ್ಲಿ ನೂಕಿದರೆ ಓಡಲೂಬಹುದು.

ಹಾಗೆಂದು ಸೆನ್ಸರಿನ ಮೇಲೇ ಗೂಬೆ ಕೂರಿಸಬೇಡಿ. ಮೋಟರಿನ ಕೇಬಲ್ ಟೊಳ್ಳು ಆಕ್ಸಲ್ಲಿನಿಂದ ಹೊರಬಂದು ಬಾಗುವ ಜಾಗ ನೋಡಿ. ಆಕ್ಸಲ್ ನಟ್ ಸಡಿಲವಾದರೆ ಆಕ್ಸಲ್ಲೇ ತಿರುಗಿ ಕೇಬಲನ್ನು ಹಗ್ಗದಂತೆ ಹೊಸೆಯುತ್ತದೆ. ಒಂದೆಡೆ ವೇಗಕ್ಕೆ, ಇನ್ನೊಂದೆಡೆ ರೀಜನರೇಟಿವ್ ಬ್ರೇಕಿಗೆ (ಮೋಟರೇ ಜನರೇಟರ್ ಆಗಿ ಹಿಡಿಯುವ ಬ್ರೇಕ್), ಆಕ್ಸಲ್ ಮೇಲೆ ಹಿಂದೆ ಮುಂದೆ ಒತ್ತಡ ಬೀಳುತ್ತಲೇ ಇರುತ್ತದೆ. ಲೋಣಾವಳದ ಮಳೆಯಲ್ಲಿ ಅದೇ ಕೇಬಲ್ ಹಿಡಿದು ನೀರು ಒಳಗೆ ಇಳಿಯುತ್ತದೆ. ಗೋವಾದಿಂದ ಬಂದ ಗಾಡಿಯಾದರೆ ಕನೆಕ್ಟರಿನ ಪಿನ್ನಿಗೆ ಹಸಿರು ಕಿಲುಬು ಹಿಡಿದಿದೆಯೇ ಎಂದೂ ನೋಡಿ. ಸೆನ್ಸರ್ ಬದಲಿಸಲೇಬೇಕಾದರೆ ಮೂರನ್ನೂ ಬದಲಿಸಿ; ಹಳೆಯದರ ಮುಖ ಯಾವ ಕಡೆಗಿತ್ತೋ ಹೊಸದರದ್ದೂ ಅದೇ ಕಡೆಗಿರಲಿ. ಮುಖ ತಿರುಗಿದರೆ ಸಿಗ್ನಲ್ ತಲೆಕೆಳಗಾಗುತ್ತದೆ.

ವೈಂಡಿಂಗ್ ಅಳೆಯಲು ಸಾಧಾರಣ ಮಲ್ಟಿಮೀಟರ್ ಸಾಲದು. ಮೂರು ಜೋಡಿಗೂ 0.1 ಓಮ್ ಎಂದೇ ತೋರಿಸಿ ಸುಮ್ಮನಾಗುತ್ತದೆ. ಬೆಂಚ್ ಸಪ್ಲೈಯಿಂದ ಎರಡು ವೈರಿಗೆ 5 ಆಂಪಿಯರ್ ಹರಿಸಿ, ಮೋಟರ್ ವೈರಿನ ತುದಿಯಲ್ಲೇ ಮಿಲಿವೋಲ್ಟ್ ಓದಿ. 250 ಮಿಲಿವೋಲ್ಟ್ ಬಂದರೆ 50 ಮಿಲಿಓಮ್. ಮೂರೂ ಜೋಡಿ ಹೆಚ್ಚುಕಡಿಮೆ ಸಮ ಇರಬೇಕು. ದಿವೆ ಘಾಟ್ ಹತ್ತಿಬಂದ ಬಿಸಿ ಮೋಟರನ್ನು ಅಳೆಯಬೇಡಿ: ಪ್ರತಿ 10 ಡಿಗ್ರಿಗೆ ತಾಮ್ರದ ರೆಸಿಸ್ಟೆನ್ಸ್ ಸುಮಾರು 4 ಪ್ರತಿಶತ ಏರುತ್ತದೆ.

ಮೆಗ್ಗರ್ (ಹೆಚ್ಚು ವೋಲ್ಟ್ ಕೊಟ್ಟು ಇನ್ಸುಲೇಷನ್ ಅಳೆಯುವ ಮೀಟರ್) ಹಾಕುವಾಗ ಮೋಟರಿನ ದಪ್ಪ, ಸಣ್ಣ ಎರಡೂ ಕನೆಕ್ಟರ್ ಕಂಟ್ರೋಲರಿನಿಂದ ಕಳಚಿರಬೇಕು. ಇಲ್ಲದಿದ್ದರೆ ಅದರ 500 ವೋಲ್ಟ್ ಕಂಟ್ರೋಲರನ್ನೇ ನುಂಗುತ್ತದೆ. ಮೂರು ದಪ್ಪ ವೈರ್ ಒಟ್ಟಿಗೆ ಒಂದು ಕಡೆ, ಪೇಂಟ್ ಇಲ್ಲದ ಆಕ್ಸಲ್ ಇನ್ನೊಂದು ಕಡೆ, ಒಂದು ನಿಮಿಷ. 5 ಮೆಗಾಓಮಿಗಿಂತ ಕೆಳಗಿದ್ದರೆ ಕೂಡಲೇ ರಿವೈಂಡಿಂಗಿಗೆ ಕಳಿಸಬೇಡಿ. 60 ಡಿಗ್ರಿಯ ಹದವಾದ ಬಿಸಿಯಲ್ಲಿ ಒಣಗಿಸಿ, ಆರಿದ ಮೇಲೆ ಮತ್ತೆ ಅಳೆಯಿರಿ. ಏರಿದರೆ ತೇವ, ಏರದಿದ್ದರೆ ಇನ್ಸುಲೇಷನ್ ಒಡೆದಿದೆ. ಅದಕ್ಕಿಂತ ಬಿಸಿ ಬೇಡ, ಕಡಿಮೆ ದರ್ಜೆಯ ನಿಯೋಡಿಮಿಯಂ ಮ್ಯಾಗ್ನೆಟ್ 80 ಡಿಗ್ರಿ ದಾಟಿದರೆ ಶಕ್ತಿ ಕಳೆದುಕೊಳ್ಳತೊಡಗುತ್ತದೆ. ಕಾರಿನ ಹೈವೋಲ್ಟೇಜ್ ಸಿಸ್ಟಮ್ ಬೇರೆ ವಿದ್ಯೆ. ತರಬೇತಿ ಇಲ್ಲದೆ ಕೈಹಾಕಬೇಡಿ.

ಮ್ಯಾಗ್ನೆಟ್ ಸೋತದ್ದು ಗೊತ್ತಾಗುವುದು ಹೀಗೆ: ವೈಂಡಿಂಗ್ ಸಮ, ಹಾಲ್ ಸರಿ, ಆದರೂ ಗಾಡಿ ಏರು ಹತ್ತುವುದಿಲ್ಲ, ಕರೆಂಟ್ ಹೆಚ್ಚು ಎಳೆಯುತ್ತದೆ, ಎತ್ತಿಟ್ಟ ಚಕ್ರ ಮಾತ್ರ ಮೊದಲಿಗಿಂತ ಜೋರಾಗಿ ಓಡುತ್ತದೆ. ಅದೇ ಮಾಡೆಲಿನ ಒಳ್ಳೆಯ ಗಾಡಿಯ ಪಕ್ಕ ಇಟ್ಟು, ಒಂದೇ ವೇಗದಲ್ಲಿ ತಿರುಗಿಸಿ ಎಸಿ ವೋಲ್ಟೇಜ್ ನೋಡಿ: ಮೂರು ಜೋಡಿಯಲ್ಲೂ ಒಂದೇ ಸಮ ಕಡಿಮೆ ಬರುತ್ತದೆ. ಇದಕ್ಕೆ ರಿವೈಂಡಿಂಗ್ ಮಾಡಿಸಿದರೆ ಗಿರಾಕಿಯ ದುಡ್ಡು ದಂಡ. ಕಾರಣ ಹೆಚ್ಚಾಗಿ ಓವರ್‌ಲೋಡ್. ಕರೆಂಟ್ ಒಂದೂವರೆ ಪಟ್ಟಾದರೆ ತಾಮ್ರದ ಬಿಸಿ ಎರಡೂಕಾಲು ಪಟ್ಟು.

ಬೇರಿಂಗಿನ ಮಾತು ಚಿಕ್ಕದು. ಥ್ರಾಟಲ್ ಬಿಟ್ಟು ಉರುಳುವಾಗಲೂ ಗರಗರ ಸದ್ದಿದ್ದರೆ ಬೇರಿಂಗ್. ಥ್ರಾಟಲ್ ಕೊಟ್ಟಾಗ ಮಾತ್ರ ಇದ್ದರೆ ದೋಷ ಫೇಸ್ ವೈರಿನದು ಅಥವಾ ಹಾಲ್ ಸೆನ್ಸರಿನದು.

ಚಕ್ರ ವಾಪಸ್ ಕೂರಿಸುವಾಗ ಆಕ್ಸಲ್ ತಿರುಗದಂತೆ ತಡೆಯುವ ಟಾರ್ಕ್ ವಾಷರಿನ ಮೂಗು ಫೋರ್ಕಿನ ಸೀಳಿನೊಳಗೆ ಕೂತಿದೆಯೇ ಎಂದು ನೋಡಿಯೇ ನಟ್ ಬಿಗಿಮಾಡಿ. ಕೇಬಲ್ ಮೊದಲು ಆಕ್ಸಲ್ಲಿಗಿಂತ ಕೆಳಗಿಳಿದು ಆಮೇಲೆ ಮೇಲೇರಲಿ. ನೀರು ಆ ತಗ್ಗಿನಿಂದಲೇ ತೊಟ್ಟಿಕ್ಕಿಹೋಗುತ್ತದೆ.