ಪಾಕೆಟ್ ಮನಿ: ಕೊಟ್ಟ ಮೇಲೆ ಸುಮ್ಮನಿರಿ

ಕೇಳುಗರಿಗೆ ನಮಸ್ಕಾರ.

ಮಕ್ಕಳಿಗೆ ಪಾಕೆಟ್ ಮನಿ ಯಾವಾಗಿನಿಂದ ಕೊಡಬೇಕು, ಎಷ್ಟು ಕೊಡಬೇಕು ಅಂತ ಮಾತಾಡಲು ನನ್ನನ್ನು ಕರೆದಿದ್ದಾರೆ. ಪೋಷಕರ ಸಭೆಗಳಿಗೆ ಹೋದರೂ ಮೊದಲ ಪ್ರಶ್ನೆ ಇದೇ. ‘ಎಷ್ಟು ಕೊಡೋಣ, ಒಂದು ಲೆಕ್ಕ ಹೇಳಿಬಿಡಿ.’ ಹೇಳುತ್ತೇನೆ. ಆದರೆ ಆ ಹಣ ಖಾಲಿಯಾದ ದಿನ ನೀವೇನು ಮಾಡುತ್ತೀರಿ ಅನ್ನುವುದನ್ನು ಯಾರೂ ಕೇಳುವುದೇ ಇಲ್ಲ. ನಾನೇ ಹೇಳಿಬಿಡುತ್ತೇನೆ: ಏನೂ ಮಾಡಬೇಡಿ. ಮುಂದಿನ ಕಂತಿನ ದಿನ ಬರುವ ತನಕ ಕೈ ಕಟ್ಟಿ ಕೂತುಬಿಡಿ. ಇವತ್ತಿನ ಮಾತಲ್ಲಿ ಉಳಿದದ್ದೆಲ್ಲ ಮರೆತರೂ ಪರವಾಗಿಲ್ಲ, ಇದೊಂದು ನೆನಪಿರಲಿ.

ಮೊದಲು ವಯಸ್ಸು. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಝಾನ್ ಪಿಯಾಜೆ ಮಕ್ಕಳ ಎದುರು ಸಣ್ಣ ವಸ್ತುಗಳನ್ನು ಎರಡು ಸಾಲಾಗಿ ಜೋಡಿಸಿ ನೋಡುತ್ತಿದ್ದರು. ನೀವೂ ಮನೆಯಲ್ಲಿ ನಾಣ್ಯ ಇಟ್ಟು ನೋಡಬಹುದು. ಎರಡೂ ಸಾಲಲ್ಲಿ ಆರಾರು ನಾಣ್ಯ ಇಡಿ. ಮಗು ನೋಡುತ್ತಿದ್ದಂತೆಯೇ ಒಂದು ಸಾಲನ್ನು ಅಗಲಕ್ಕೆ ಹರಡಿ. ನಾಲ್ಕು ವರ್ಷದ ಮಗು ಸಾಮಾನ್ಯವಾಗಿ ಉದ್ದ ಸಾಲನ್ನೇ ತೋರಿಸಿ ‘ಇದರಲ್ಲಿ ಜಾಸ್ತಿ’ ಅನ್ನುತ್ತದೆ. ಏಳು ವರ್ಷದ ಮಗುವನ್ನು ಕೇಳಿದರೆ ‘ಎರಡೂ ಅಷ್ಟೇ ಅಲ್ವಾ, ನೀವೇ ಅಲ್ಲಾಡಿಸಿದ್ದು’ ಅನ್ನುತ್ತದೆ. ಆಗ ಶುರು ಮಾಡಿ. ಆರು, ಏಳು ವರ್ಷ. ಚಿಲ್ಲರೆ ಎಣಿಸಲು ಬರಬೇಕು, ಹಣ ಕೊಟ್ಟು ವಸ್ತು ತಂದರೆ ಆ ಹಣ ವಾಪಸ್ ಬರುವುದಿಲ್ಲ ಅಂತ ಗೊತ್ತಿರಬೇಕು. ಅಷ್ಟು ಸಾಕು.

ಚಿಕ್ಕ ಮಕ್ಕಳಿಗೆ ವಾರಕ್ಕೊಮ್ಮೆ ಕೊಡಿ. ಅವರಿಗೆ ಒಂದು ತಿಂಗಳು ಅಂದರೆ ಯುಗ. ಹೈಸ್ಕೂಲಿಗೆ ಬಂದ ಮೇಲೆ ತಿಂಗಳಿಗೊಮ್ಮೆ ಮಾಡಿ. ಯಾವ ದಿನ ಅಂತ ಗೊತ್ತು ಮಾಡಿದರೆ ಅದೇ ದಿನ ಕೊಡಬೇಕು, ಮಗು ನೆನಪಿಸುವ ಹಾಗೆ ಆಗಬಾರದು.

ಇನ್ನು ಎಷ್ಟು? ಒಂದು ತಿಂಗಳು ಸುಮ್ನೆ ಬರೆದಿಡಿ. ಮಗು ಕೇಳಿತು ಅಂತ ನೀವು ಈಗಾಗಲೇ ಎಷ್ಟು ಖರ್ಚು ಮಾಡುತ್ತಿದ್ದೀರಿ? ಸ್ಟಿಕ್ಕರು, ಚಾಕೊಲೇಟು, ಆಟದ ಸಾಮಾನು. ಪುಸ್ತಕ, ಬಟ್ಟೆ, ಬಸ್ಸಿನ ಚಾರ್ಜು ಇದರಲ್ಲಿ ಸೇರಿಸಬೇಡಿ, ಅವು ನಿಮ್ಮ ಖರ್ಚು. ಬಂದ ಮೊತ್ತಕ್ಕಿಂತ ಸ್ವಲ್ಪ ಕಡಿಮೆ ಕೊಡಿ, ಇನ್ನು ಮುಂದೆ ಅವನ್ನೆಲ್ಲ ಮಗುವೇ ಕೊಳ್ಳಲಿ. ಹಣ ಒಮ್ಮೊಮ್ಮೆ ಸಾಲದೆ ಬರಬೇಕು. ಸಾಲದೇ ಹೋದಾಗ ತಾನೇ ಮಗು ಇದು ಬೇಕಾ, ಅದು ಬೇಕಾ ಅಂತ ಯೋಚಿಸುವುದು? ಸಾಲದೇ ಹೋದಾಗ ಮತ್ತೆ ಕೊಟ್ಟರೆ ಮುಗೀತು, ಇಷ್ಟು ದಿನ ಮಾಡಿದ್ದೆಲ್ಲ ನೀರಲ್ಲಿ ಹೋಮ.

ನನ್ನ ತಂಗಿಯ ಮಗಳ ಕಥೆ ಹೇಳುತ್ತೇನೆ. ಆಗ ಅವಳಿಗೆ ಎಂಟು ವರ್ಷ. ಭಾನುವಾರ ಹಣ ಕೈಗೆ ಬಂತು. ಅವತ್ತೇ ಅಂಗಡಿಗೆ ಹೋಗಿ ಒಂದು ಪೆನ್ನು ತಂದಳು. ಗುಂಡಿ ಒತ್ತಿದರೆ ತುದಿಯಲ್ಲಿ ನೀಲಿ ದೀಪ ಹತ್ತುವ ಪೆನ್ನು. ಇಡೀ ವಾರದ ಹಣ ಅದಕ್ಕೇ ಹೋಯಿತು. ರಾತ್ರಿ ಹೊದಿಕೆಯೊಳಗೆ ಇಟ್ಟುಕೊಂಡು ಒತ್ತಿದ್ದೇ ಒತ್ತಿದ್ದು. ಸೋಮವಾರ ದೀಪ ಹತ್ತಲಿಲ್ಲ. ಅತ್ತಳು. ತಂಗಿ ‘ಅಯ್ಯೋ, ಹೌದಾ’ ಅಂದಳು, ಸುಮ್ಮನಾದಳು. ನೋಡಿ, ಎಷ್ಟು ಚೆನ್ನಾಗಿ ನಡೀತಿತ್ತು! ಆಗ ಬಂದರು ನಮ್ಮಪ್ಪ. ಮೊಮ್ಮಗಳ ಕಣ್ಣೀರು ನೋಡಿದ್ದೇ ತಡ, ಜೇಬಿಗೆ ಕೈ ಹಾಕಿದರು. ‘ಅಪ್ಪಾ, ಬೇಡ’ ಅಂದಳು ತಂಗಿ. ‘ಇಷ್ಟು ಚಿಕ್ಕ ಮಗುವಿನ ಹತ್ರ ಎಂಥದ್ದಮ್ಮ ಲೆಕ್ಕಾಚಾರ’ ಅಂತ ಅಪ್ಪನಿಗೆ ಸಿಟ್ಟು. ಅವತ್ತಿಡೀ ಮಗಳ ಜೊತೆ ಸರಿಯಾಗಿ ಮಾತಾಡಲಿಲ್ಲ. ನನಗೆ ಫೋನ್ ಮಾಡಿ ದೂರು ಬೇರೆ! ನಾನು ತಂಗಿಯ ಪಕ್ಷ ಅಂತ ತಿಳಿದ ಮೇಲೆ ಫೋನ್ ಇಟ್ಟುಬಿಟ್ಟರು.

ಬುಧವಾರ ಹುಡುಗಿ ಅಣ್ಣನ ಹತ್ತಿರ ಸಾಲ ಕೇಳಿದಳು. ಅವನು ಹನ್ನೊಂದು ವರ್ಷದವನು, ಕಿಲಾಡಿ. ‘ಐದು ನಾಣ್ಯ ಕೊಡ್ತೀನಿ, ಭಾನುವಾರ ಆರು ಕೊಡಬೇಕು’ ಅಂದ. ಅವಳು ಬೆರಳು ಮಡಚಿ ಎಣಿಸಿದಳು, ಮುಖ ಊದಿಸಿಕೊಂಡು ‘ಬೇಡ ಹೋಗೋ’ ಅಂದಳು. ಬಡ್ಡಿ ಅಂದರೇನು ಅಂತ ಯಾವ ಮೇಷ್ಟ್ರೂ ಇಷ್ಟು ಬೇಗ ಹೇಳಿಕೊಡಲಾರರು. ಮುಂದಿನ ಭಾನುವಾರ ಅದೇ ಅಂಗಡಿಗೆ ನಾನೂ ಜೊತೆಗೆ ಹೋಗಿದ್ದೆ. ಮತ್ತೆ ಅದೇ ಥರದ ಪೆನ್ನು ಕೈಗೆತ್ತಿಕೊಂಡಳು. ಒತ್ತಿದಳು, ಅಲ್ಲಾಡಿಸಿದಳು, ಇನ್ನೊಂದು ತೆಗೆದಳು, ಮತ್ತೆ ಒತ್ತಿದಳು. ಅಂಗಡಿಯವರು ‘ತಗೊಳ್ತೀಯೇನಮ್ಮಾ?’ ಅಂದರು. ‘ಕೆಟ್ಟೋದರೆ ಬದಲಾಯಿಸಿ ಕೊಡ್ತೀರಾ?’ ಅಂತ ಕೇಳಿದಳು. ಇಲ್ಲ ಅಂದರು. ಪೆನ್ನು ವಾಪಸ್ ಇಟ್ಟಳು. ಅಪ್ಪ ಸೋಮವಾರ ಹಣ ಕೊಟ್ಟಿದ್ದರೆ ಈ ಪ್ರಶ್ನೆ ಅವಳ ಬಾಯಲ್ಲಿ ಬರುತ್ತಿತ್ತೇ? ಅಜ್ಜ ಅಜ್ಜಿಯರು ದಯವಿಟ್ಟು ಕೇಳಿಸಿಕೊಳ್ಳಿ. ನಿಮ್ಮ ಪ್ರೀತಿ ಬೇಕು, ಗುಟ್ಟಾಗಿ ಕೊಡುವ ನೋಟು ಬೇಡ.

ಕಥೆಯಲ್ಲೇ ಸಮಯ ಹೋಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ.

ಮನೆಗೆಲಸಕ್ಕೆ ಕೂಲಿ ಅಂತ ಪಾಕೆಟ್ ಮನಿ ಕೊಡಬೇಡಿ. 1973ರಲ್ಲಿ ಅಮೆರಿಕದ ಮೂವರು ಮನೋವಿಜ್ಞಾನಿಗಳು ಚಿತ್ರ ಬರೆಯುವುದೆಂದರೆ ಇಷ್ಟ ಅನ್ನುವ ಪುಟ್ಟ ಮಕ್ಕಳ ಮೇಲೆ ಒಂದು ಪ್ರಯೋಗ ಮಾಡಿದರು. ಬರೆದರೆ ಬಹುಮಾನ ಅಂತ ಮೊದಲೇ ಹೇಳಿಸಿಕೊಂಡ ಮಕ್ಕಳು, ಆಮೇಲೆ ಬಹುಮಾನ ಇಲ್ಲದಾಗ ಬಣ್ಣದ ಪೆನ್ನು ಮುಟ್ಟುವುದನ್ನೇ ಕಡಿಮೆ ಮಾಡಿದರು. ತಟ್ಟೆ ತೊಳೆಯುವುದಕ್ಕೆ ಹಣ ಕೊಟ್ಟು ನೋಡಿ, ನಾಳೆ ಒಂದು ಲೋಟ ನೀರು ತಾ ಅಂದರೆ ‘ಎಷ್ಟು ಕೊಡ್ತೀರಿ’ ಅನ್ನುತ್ತಾರೆ.

ಅಂಕ ಕಡಿಮೆ ಬಂತು, ಜಗಳ ಮಾಡಿದ ಅಂತ ಹಣ ಹಿಡಿಯಬೇಡಿ. ಶಿಕ್ಷೆ ಬೇರೆ, ಇದು ಬೇರೆ. ಮಗು ಏನು ಕೊಂಡಿತು ಅಂತ ಮೂಗು ಮುರಿಯಲೂಬೇಡಿ. ಅಪಾಯದ ವಸ್ತು ಆದರೆ ತಡೆಯಿರಿ, ಬರೀ ಕೆಲಸಕ್ಕೆ ಬಾರದ್ದಾದರೆ ಬಿಟ್ಟುಬಿಡಿ. ಅಣ್ಣನಿಗೂ ತಂಗಿಗೂ ವಯಸ್ಸಿನ ಪ್ರಕಾರ ಹೆಚ್ಚು ಕಡಿಮೆ ಇರಲಿ, ಯಾಕೆ ಅಂತ ಇಬ್ಬರಿಗೂ ಹೇಳಿ. ದೊಡ್ಡ ವಸ್ತು ಬೇಕು ಅಂದರೆ ಕೂಡಿಡಲಿ. ಚಿಕ್ಕವರಾದರೆ ಗಾಜಿನ ಡಬ್ಬಿ ಕೊಡಿ, ಹಣ ಏರುವುದು ಕಣ್ಣಿಗೆ ಕಾಣಬೇಕು. ಮೊಬೈಲಿನಲ್ಲಿ ಹಾಕುವುದೆಲ್ಲ ಆಮೇಲೆ. ಕೈಯಿಂದ ನಾಣ್ಯ ಹೋಗುವುದನ್ನು ನೋಡದ ಮಗುವಿಗೆ ಪರದೆಯ ಮೇಲಿನ ಅಂಕಿ ಏನು ಹೇಳೀತು?

ಇನ್ನೊಂದು. ಗುರುವಾರ ಮಗು ಬಂದು ‘ಮುಂದಿನ ವಾರದ್ದು ಈಗಲೇ ಕೊಡಿ’ ಅಂತ ಖಂಡಿತ ಕೇಳುತ್ತದೆ. ಬೈಯಬೇಡಿ, ಭಾಷಣವೂ ಬೇಡ. ‘ಭಾನುವಾರ ಕೊಡ್ತೀನಿ ಕಂದ’ ಅಂತ ಹೇಳಿ ನಿಮ್ಮ ಕೆಲಸ ನೋಡಿಕೊಳ್ಳಿ.

ನಮಸ್ಕಾರ.