ಬಾರದ ಶತ್ರುವಿಗಾಗಿ ಕಾದ ಕಡಲತೀರ

ಕೇಳುಗರಿಗೆ ನಮಸ್ಕಾರ.

ಇಂಗ್ಲೆಂಡಿನ ಆಗ್ನೇಯ ಮೂಲೆಯಲ್ಲಿರುವ ಕೆಂಟ್ ಕರಾವಳಿಗೆ ಫ್ರಾನ್ಸ್ ಎಷ್ಟು ಹತ್ತಿರವೆಂದರೆ, ಹವೆ ತಿಳಿಯಾಗಿದ್ದ ದಿನ ಆಚೆಯ ದಡ ಬರಿಗಣ್ಣಿಗೇ ಕಾಣುತ್ತದೆ. ಇಷ್ಟು ಸಮೀಪದ ನೆರೆಯವರೊಡನೆ ಶತಮಾನಗಟ್ಟಲೆ ಹಗೆತನವಿದ್ದರೆ ನಿದ್ದೆ ಹತ್ತುವುದುಂಟೇ? ಯುದ್ಧಕಾಲೇ ಶಸ್ತ್ರಾಭ್ಯಾಸ ಎಂದು ನಾವು ಹೀಗಳೆಯುತ್ತೇವಲ್ಲ, ಈ ತೀರದ ಕಥೆ ಅದಕ್ಕೆ ತದ್ವಿರುದ್ಧ. ಇಲ್ಲಿ ಅಭ್ಯಾಸವೆಲ್ಲ ಮುಗಿಯುತ್ತಿತ್ತು, ಯುದ್ಧವೇ ಬರುತ್ತಿರಲಿಲ್ಲ.

ನೆಪೋಲಿಯನ್ ದಂಡೆತ್ತಿ ಬರುತ್ತಾನೆಂಬ ಭಯದಲ್ಲಿ 1804ರಲ್ಲಿ ಇಲ್ಲೊಂದು ಕಾಲುವೆ ತೋಡಲು ಹೊರಟರು. ಉದ್ದ 45 ಕಿಲೋಮೀಟರ್. ರೈನ್, ಡ್ಯಾನ್ಯೂಬ್ ನದಿಗಳನ್ನೇ ದಾಟಿದ ಸೈನ್ಯ ಒಂದು ಕಾಲುವೆಗೆ ಹೆದರೀತೇ ಎಂದು ಗೇಲಿ ಮಾಡಿದವರೂ ಇದ್ದರು. ಕೆಲಸ ಮುಗಿದದ್ದು 1809ರಲ್ಲಿ. ಅದಕ್ಕೆ ನಾಲ್ಕು ವರ್ಷ ಮೊದಲೇ ಟ್ರಾಫಲ್ಗರ್ ಕದನದಲ್ಲಿ ಫ್ರೆಂಚ್ ನೌಕಾಪಡೆ ಸೋತಾಗಿತ್ತು. ಜೊತೆಗೆ ಕೆಂಟ್ ಮತ್ತು ಸಸೆಕ್ಸ್ ತೀರದುದ್ದಕ್ಕೂ 74 ದುಂಡನೆಯ ಇಟ್ಟಿಗೆ ಗೋಪುರಗಳನ್ನು ಕಟ್ಟಿದರು. ನೆಪೋಲಿಯನ್ನನ ಸೈನ್ಯದ ಮೇಲೆ ಅವು ಒಂದು ಗುಂಡನ್ನೂ ಹಾರಿಸಬೇಕಾಗಿ ಬರಲಿಲ್ಲ.

ಆದರೆ ನನ್ನನ್ನು ಹೆಚ್ಚು ಸೆಳೆದದ್ದು ಇದೇ ಕೆಂಟ್ ತೀರದ ಡಂಜನೆಸ್ ಎಂಬ ಭೂಶಿರದ ಬಳಿ, ಡೆಂಜ್ ಎಂಬಲ್ಲಿರುವ ಕಾಂಕ್ರೀಟ್ ಕಿವಿಗಳು. ಕಿವಿಯನ್ನೇ ನೆಚ್ಚಿಕೊಂಡ ಬಾನುಲಿಯಲ್ಲಿ ಇವುಗಳ ಮಾತು ಬರಲೇಬೇಕು. 1928ರಿಂದ 1930ರೊಳಗೆ ಮೂರನ್ನು ಕಟ್ಟಿದರು. ಎರಡು, ದೊಡ್ಡ ಬೋಗುಣಿಯನ್ನು ಕಡಲಿಗೆ ಮುಖಮಾಡಿ ನಿಲ್ಲಿಸಿದ ಹಾಗಿವೆ: ಒಂದು ಆರು ಮೀಟರ್ ಅಗಲ, ಇನ್ನೊಂದು ಒಂಬತ್ತು. ಮೂರನೆಯದು ಅರವತ್ತು ಮೀಟರ್ ಉದ್ದದ ಬಾಗಿದ ಗೋಡೆ. ದೂರದ ವಿಮಾನದ ಸದ್ದು ಈ ಕಾಂಕ್ರೀಟಿಗೆ ಬಡಿದು ಎದುರಿನ ಒಂದೆಡೆ ಒಟ್ಟುಗೂಡುತ್ತಿತ್ತು. ಕೊಳವೆಯನ್ನೋ ಮೈಕ್ರೊಫೋನನ್ನೋ ಹಿಡಿದವನು ಸದ್ದು ಎಲ್ಲಿ ಗಟ್ಟಿಯಾಗಿದೆ ಎಂದು ಹುಡುಕಿ ವಿಮಾನದ ದಿಕ್ಕನ್ನು ಹೇಳುತ್ತಿದ್ದ. ಗಾಳಿ ಬೀಸಿದರೆ ತೊಂದರೆ, ಹಡಗು ಹಾದರೆ ತೊಂದರೆ. ವಿಮಾನಗಳ ವೇಗ ಹೆಚ್ಚಿದಂತೆಲ್ಲ, ಸದ್ದು ಕೇಳಿಸುವುದಕ್ಕೂ ವಿಮಾನ ತಲೆಯ ಮೇಲೆ ಬರುವುದಕ್ಕೂ ನಡುವಿನ ಹೊತ್ತು ಕಿರಿದಾಗುತ್ತ ಹೋಯಿತು. 1935ರಲ್ಲಿ ರೇಡಾರ್ ಪ್ರಯೋಗಗಳು ಯಶಸ್ವಿಯಾದವು. ಕಿವಿಗಳ ಕೆಲಸ ಹೋಯಿತು. ಇಂದು ಅವು ಜಲ್ಲಿ ತೆಗೆದ ಹಳ್ಳದ ನೀರಿನ ನಡುವೆ, ಪಕ್ಷಿಧಾಮವೊಂದರಲ್ಲಿ ನಿಂತಿವೆ. ಹತ್ತಿರ ಹೋಗಿ ನೋಡಲು ವರ್ಷದಲ್ಲಿ ಕೆಲವೇ ದಿನ ಅವಕಾಶ.

ಡಂಜನೆಸ್‌ನಲ್ಲಿ ಎರಡು ದೀಪಸ್ತಂಭಗಳಿವೆ. 1904ರದ್ದು ಇನ್ನೂ ಗಟ್ಟಿಮುಟ್ಟಾಗಿಯೇ ಇದೆ; ಅದರ ಬೆಳಕಿಗೆ ಅಡ್ಡವಾಗಿ ತಾವೇ ಅಣುವಿದ್ಯುತ್ ಸ್ಥಾವರ ಕಟ್ಟಲು ಹೊರಟರು. ಹಾಗಾಗಿ 1961ರಲ್ಲಿ ಇನ್ನೊಂದು ದೀಪಸ್ತಂಭ!

ಇಲ್ಲಿಗೊಂದು ಪುಟಾಣಿ ರೈಲೂ ಬರುತ್ತದೆ. ಹಳಿಗಳ ನಡುವಿನ ಅಂತರ ಸುಮಾರು 38 ಸೆಂಟಿಮೀಟರ್ ಅಷ್ಟೇ. ಉಗಿ ಎಂಜಿನ್‌ಗಳು ಮಾತ್ರ ದೊಡ್ಡವುಗಳ ಪಡಿಯಚ್ಚು. 1927ರಲ್ಲಿ ಶುರುವಾದ ಈ ಮೋಜಿನ ರೈಲಿಗೆ ಎರಡನೆಯ ಮಹಾಯುದ್ಧದಲ್ಲಿ ಸೇನೆಯವರು ಕವಚ ತೊಡಿಸಿ ಕಾವಲಿಗೆ ಹಚ್ಚಿದ್ದರು. ಯುದ್ಧ ಮುಗಿದ ಮೇಲೆ, 1947ರಲ್ಲಿ, ಮತ್ತೆ ಚಾಲನೆ ಕೊಡಲು ಬಂದವರು ಹಾಸ್ಯನಟರಾದ ಲಾರೆಲ್ ಮತ್ತು ಹಾರ್ಡಿ.

ಯುದ್ಧಕ್ಕೆ ನಿಜಕ್ಕೂ ಒದಗಿದ ವಸ್ತುವೂ ಇಲ್ಲಿತ್ತು. ಫ್ರಾನ್ಸಿಗೆ ಇಳಿದ ಮಿತ್ರಸೈನ್ಯಕ್ಕೆ ಇಲ್ಲಿಂದ ಆಚೆ ದಡದ ಬುಲೋನ್ ಬಂದರಿನವರೆಗೆ ಕಡಲಡಿಯ ಕೊಳವೆಗಳಲ್ಲಿ ಪೆಟ್ರೋಲ್ ಹರಿಸಿದರು. ಜರ್ಮನ್ ವಿಮಾನಗಳ ಕಣ್ಣಿಗೆ ಬೀಳದಿರಲೆಂದು ಪಂಪುಗಳನ್ನು ತೀರದ ಸಾಧಾರಣ ಮನೆಗಳಂತೆ ಕಾಣುವ ಕಟ್ಟಡಗಳಲ್ಲಿ ಅಡಗಿಸಿದ್ದರು. ಮನೆಯ ವೇಷ ಹಾಕಿದ್ದ ಆ ಪಂಪುಶಾಲೆಗಳಲ್ಲಿ ಕೆಲವು, ಯುದ್ಧ ಮುಗಿದ ಮೇಲೆ ಜನ ಸಂಸಾರ ಹೂಡುವ ಮನೆಗಳೇ ಆದವು.

ನಮಸ್ಕಾರ.