ಗೂಡ್ಸ್ ಗಾಡಿಯ ಗಾಲಿ ನೋಡುವವರು

ಕೇಳುಗರಿಗೆ ನಮಸ್ಕಾರ.

ಕ್ಯಾಸಲ್‌ರಾಕ್‌ನಿಂದ ಗೋವಾ ಕಡೆಗೆ ಇಳಿಯುವ ಘಾಟಿಯಲ್ಲಿ ರೈಲು ಹಳಿ ಪ್ರತಿ 37 ಮೀಟರಿಗೆ ಒಂದು ಮೀಟರ್ ಕೆಳಗಿಳಿಯುತ್ತದೆ. ರಸ್ತೆಗಾದರೆ ಇದೇನು ಮಹಾ ಅಲ್ಲ. ರೈಲಿಗೆ ಮಾತ್ರ ಭಾರೀ ಇಳಿಜಾರು. ಸರಕು ತುಂಬಿದ ಒಂದು ವ್ಯಾಗನ್ನೇ 80 ಟನ್ ದಾಟುವುದುಂಟು. ಅಂಥವು ಸಾಲಾಗಿ ಇಳಿಯುವಾಗ ಎಂಜಿನ್ನಿನ ಬ್ರೇಕ್ ಒಂದೇ ಸಾಲದು. ವ್ಯಾಗನ್‌ಗಳ ಬ್ರೇಕೂ ಹಿಡಿಯಬೇಕು.

ಅದನ್ನು ನೋಡುವವರು ಕ್ಯಾರೇಜ್ ಅಂಡ್ ವ್ಯಾಗನ್ ವಿಭಾಗದವರು. ಯಾರ್ಡಿನಲ್ಲಿ ಇವರನ್ನು ಟಿಎಕ್ಸ್‌ಆರ್, ಅಂದರೆ ಟ್ರೇನ್ ಎಕ್ಸಾಮಿನರ್ ಸಿಬ್ಬಂದಿ ಅಂತಾರೆ. ಗಾಡಿ ನಿಲ್ಲುವ ಮೊದಲೇ ಇವರ ಕೆಲಸ ಶುರು. ಗಾಡಿ ನಿಧಾನವಾಗಿ ಒಳಗೆ ಬರುವಾಗ ಎರಡೂ ಬದಿ ನಿಂತು ಕಿವಿಗೊಡುತ್ತಾರೆ. ಗಾಲಿ ಒಂದು ಕಡೆ ಚಪ್ಪಟೆಯಾಗಿದ್ದರೆ ಸುತ್ತಿಗೊಮ್ಮೆ ಟಕ್, ಟಕ್ ಅಂತ ಹಳಿಗೆ ಬಡಿಯುತ್ತದೆ. ಬ್ರೇಕ್ ಕಚ್ಚಿಕೊಂಡು, ಗಾಲಿ ತಿರುಗದೆ ಹಳಿಯ ಮೇಲೆ ಉಜ್ಜುತ್ತಾ ಬಂದರೆ ಹೀಗಾಗುತ್ತದೆ. ಆ ಚಪ್ಪಟೆ ಜಾಗ 60 ಮಿ.ಮೀ. ಮೀರಿದರೆ ವ್ಯಾಗನ್ ಮುಂದೆ ಹೋಗುವಂತಿಲ್ಲ.

ಗಾಡಿ ನಿಂತ ತಕ್ಷಣ, ಗಾಲಿಯ ಅಚ್ಚು ಸರಾಗವಾಗಿ ತಿರುಗಲು ಇರುವ ಬೇರಿಂಗ್ ಕಾದಿದೆಯೇ ಅಂತ ನೋಡಬೇಕು. ತಡವಾದರೆ ಆರಿಬಿಡುತ್ತದೆ. 2023ರ ಫೆಬ್ರವರಿಯಲ್ಲಿ ಅಮೆರಿಕದ ಓಹಾಯೊ ರಾಜ್ಯದ ಈಸ್ಟ್ ಪ್ಯಾಲೆಸ್ಟೈನ್‌ನಲ್ಲಿ 38 ವ್ಯಾಗನ್ ಹಳಿ ತಪ್ಪಿದವು. ಕಾದು ಕೆಟ್ಟಿದ್ದು ಒಂದೇ ಒಂದು ಬೇರಿಂಗ್. ಹಳಿ ಪಕ್ಕದ ಯಂತ್ರಗಳು ಬಿಸಿ ಏರುತ್ತಿದ್ದುದನ್ನು ದಾರಿಯಲ್ಲೇ ಅಳೆದಿದ್ದವು. ಗಾಡಿ ನಿಲ್ಲಿಸಬೇಕೆಂದು ಎಚ್ಚರಿಕೆ ಬರುವ ಹೊತ್ತಿಗೆ ಕಾಲ ಮೀರಿತ್ತು. ಯಂತ್ರ ಬೇಕು, ನಿಜ. ಆದರೆ ಯಂತ್ರ ಬಂತು ಅಂತ ಮನುಷ್ಯರನ್ನು ಕಡಿಮೆ ಮಾಡಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಆಮೇಲೆ ಬ್ರೇಕ್ ಪರೀಕ್ಷೆ. ಬ್ರೇಕ್ ಪೈಪಿಗೆ ಚದರ ಸೆಂ.ಮೀ.ಗೆ 5 ಕೆ.ಜಿ. ಒತ್ತಡದಲ್ಲಿ ಗಾಳಿ ತುಂಬುತ್ತಾರೆ. ಒತ್ತಡ ಇಳಿಸಿದಾಗ ವ್ಯಾಗನ್ ಕೆಳಗಿನ ಪಿಸ್ಟನ್ ಹೊರಬಂದು ಬ್ರೇಕ್ ಬ್ಲಾಕ್ ಗಾಲಿಯನ್ನು ಹಿಡಿಯಬೇಕು. ಏರಿಸಿದಾಗ ಬಿಡಬೇಕು. ಹಿಡಿಯದ ಬ್ರೇಕಿನಷ್ಟೇ ಬಿಡದ ಬ್ರೇಕೂ ಅಪಾಯ. ಇದನ್ನು ಒಂದೊಂದೇ ವ್ಯಾಗನ್ ಬಗ್ಗಿ ನೋಡುತ್ತಾ ಹೋಗಬೇಕು. ಕೆಳಗೆ ಜನ ಇದ್ದಾರೆ ಅಂತ ಗಾಡಿಗೆ ಕೆಂಪು ಬಾವುಟ ಕಟ್ಟಿರುತ್ತಾರೆ.

ಎಲ್ಲ ಸರಿಯಿದ್ದರೆ ಬ್ರೇಕ್ ಪವರ್ ಸರ್ಟಿಫಿಕೇಟ್ ಬರೆದು ಸಹಿ ಹಾಕಿ ಲೋಕೋ ಪೈಲಟ್ ಕೈಗೆ ಕೊಡುತ್ತಾರೆ. ಒಂದೇ ಗುಂಪಾಗಿ ಓಡುವ ಕೆಲವು ರೇಕ್‌ಗಳಿಗೆ, ಅಂದರೆ ವ್ಯಾಗನ್ ಸಾಲುಗಳಿಗೆ, ಈ ಕಾಗದ 7,500 ಕಿ.ಮೀ. ಅಥವಾ 35 ದಿನ ನಡೆಯುತ್ತದೆ. ಅಷ್ಟು ದೂರಕ್ಕೆ ಆ ಸಹಿಯೇ ಆಧಾರ, ಅಲ್ವಾ? ವ್ಯಾಗನ್ ಸುಮ್ನೆ ನಿಂತರೆ ನಷ್ಟ, ಹಾಗಾಗಿ ಬೇಗ ಬಿಡಿ ಎಂಬ ಒತ್ತಡ ಸಹಜ. ಆದರೂ ಈ ತಪಾಸಣೆಯ ಹೊತ್ತನ್ನು ಕತ್ತರಿಸಬೇಡಿ. ರಾತ್ರಿ ಪಾಳಿಯಲ್ಲಿ ಅವರಿಗೆ ಒಳ್ಳೆ ಬೆಳಕು ಕೊಡಿ, ಹಳಿಗಳ ನಡುವೆ ನಡೆಯಲು ಸಮತಟ್ಟಾದ ದಾರಿ ಮಾಡಿಕೊಡಿ.

ನಮಸ್ಕಾರ.